ಎಂಜಿಬಿ ಕೆಲಸ: ಏರ್ ಪಂಪ್ ಕೊನೆಗೂ ಇಳಿಯಿತು

ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಮೂರು ವಾರಾಂತ್ಯ ಹಿಡಿಯಿತು. ಆದರೂ ಇವತ್ತು ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಕಾಣುತ್ತದೆ, ಅದೇ ಖುಷಿ.

ಕಾರು 1971ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟನ್ನಿನ ಹಳೆಯ ತೆರೆದ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಗಾಳಿಗೆ ಪೆಟ್ರೋಲು ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರ್, ಎಡಗಡೆ ಸ್ಟೀರಿಂಗ್. ಆಬಿಂಗ್ಡನ್‌ನಲ್ಲಿ ತಯಾರಾಗಿ ಹಡಗು ಹತ್ತಿ ಅಮೆರಿಕಕ್ಕೆ ಹೋದದ್ದು, ಈಗ ವಾಪಸ್ ಇಂಗ್ಲೆಂಡಿಗೆ ಬಂದಿದೆ. ನಾವಿರುವುದು ಡಿಡ್‌ಕಾಟ್‌ನಲ್ಲಿ. ಆಬಿಂಗ್ಡನ್ ಇಲ್ಲಿಂದ 10 ಕಿಲೋಮೀಟರ್ ಆಸುಪಾಸು. ಫ್ಯಾಕ್ಟರಿ 1980ರಲ್ಲೇ ಮುಚ್ಚಿತು. ಆದರೂ ತವರಿಗೆ ಬಂದ ಹಾಗೇ ಅಲ್ವಾ?

ಇಲ್ಲಿ ಮಾರಿದ ಎಂಜಿಬಿಗಳಿಗೆ ಈ ಏರ್ ಪಂಪ್ ಇರಲಿಲ್ಲ. 1968ರ ಮಾಡೆಲ್‌ನಿಂದ ಅಮೆರಿಕದಲ್ಲಿ ಹೊಗೆಯ ನಿಯಮ ಬಂತು, ಅಲ್ಲಿಗೆ ಹೋಗುವ ಕಾರುಗಳಿಗೆ ಮಾತ್ರ ಇದನ್ನು ಸೇರಿಸಿದರು. ಬೆಲ್ಟಿನಿಂದ ತಿರುಗುವ ಪಂಪು ಗಾಳಿ ಎಳೆದು, ಒಂದು ಪೈಪಿನ ಮೂಲಕ ನಾಲ್ಕೂ ಎಕ್ಸಾಸ್ಟ್ ವಾಲ್ವ್‌ಗಳ ಹತ್ತಿರ ಊದುತ್ತದೆ. ಸಿಲಿಂಡರಿನಲ್ಲಿ ಪೂರ್ತಿ ಉರಿಯದೆ ಬಂದ ಪೆಟ್ರೋಲು ಅಲ್ಲೇ ಬಿಸಿಗೆ ಉರಿದುಹೋಗಲಿ ಅಂತ. ಒಳ್ಳೆಯ ಯೋಚನೆಯೇ.

ಇದನ್ನು ತೆಗೆದರೆ ಪವರ್ ಜಾಸ್ತಿ ಆಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗಾಳಿ ಬೀಳುವುದು ಪೆಟ್ರೋಲು ಉರಿದು ಹೊರಗೆ ಬಂದ ಮೇಲೆ. ಸರಿಯಾಗಿ ತಿರುಗುವ ಪಂಪು ಎಂಜಿನ್ನಿಂದ ಕಸಿದುಕೊಳ್ಳುವ ಶಕ್ತಿ ತೀರಾ ಕಡಿಮೆ. ನನ್ನ ಕಾರಿನ ತೊಂದರೆಯೇ ಬೇರೆ. ಪಂಪಿನ ಬೇರಿಂಗ್ ಜಾಮ್ ಆಗಿತ್ತು. ಹಿಂದೆ ಯಾರೋ ಬೆಲ್ಟ್ ಕತ್ತರಿಸಿ, ಉಳಿದದ್ದನ್ನೆಲ್ಲ ಹಾಗೇ ಬಿಟ್ಟಿದ್ದರು.

ಹೀಗೆ ಅರ್ಧಂಬರ್ಧ ಬಿಟ್ಟರೆ ಏನಾಗುತ್ತದೆ ನೋಡಿ. ಪೈಪಿನ ತುದಿಯಲ್ಲಿ ಚೆಕ್ ವಾಲ್ವ್ ಇದೆ. ಗಾಳಿ ಒಳಗೆ ಹೋಗಬೇಕು, ಹೊಗೆ ಹೊರಗೆ ಬರಬಾರದು. ಬಿಚ್ಚಿ ಬಾಯಿಯಿಂದ ಊದಿದೆ. ಎರಡೂ ಕಡೆಯಿಂದ ಗಾಳಿ ಸಲೀಸಾಗಿ ಹೋಯಿತು! ತುಟಿಗೆ ಮಸಿ ಹತ್ತಿ ಸಂಜೆವರೆಗೂ ಕಹಿ ಕಹಿ. ಅದಕ್ಕೆ ಸೇರಿದ ರಬ್ಬರ್ ಹೋಸು ಒಳಗಿಂದ ಸುಟ್ಟು, ಬೆರಳಲ್ಲಿ ಹಿಸುಕಿದರೆ ಸುಟ್ಟ ಹಪ್ಪಳದ ಹಾಗೆ ಪುಡಿಯಾಯಿತು. ಅಷ್ಟು ದಿನ ಬಿಸಿ ಹೊಗೆ ಬಾನೆಟ್ ಒಳಗೇ ಸುತ್ತುತ್ತಿತ್ತು ಅಂತಾಯಿತು.

ಗಲ್ಪ್ ವಾಲ್ವ್ ಅಂತ ಇನ್ನೊಂದಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ಇಂಟೇಕ್ ಮ್ಯಾನಿಫೋಲ್ಡ್‌ಗೆ (ಕಾರ್ಬ್ಯುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಗೆ) ಒಂದು ಗುಟುಕು ಗಾಳಿ ಬಿಟ್ಟು, ಸೈಲೆನ್ಸರ್ ಪಟ್ ಅನ್ನದಂತೆ ನೋಡಿಕೊಳ್ಳುವುದು ಅದರ ಕೆಲಸ. ನನ್ನದರಲ್ಲಿ ಅದು ಸದಾ ತೆರೆದೇ ಇತ್ತು. ಐಡ್ಲಿಂಗ್ (ನಿಂತ ಕಾರಿನಲ್ಲಿ ಎಂಜಿನ್ ತಿರುಗುವ ವೇಗ) ಯಾಕೆ ಏರಿಳಿಯುತ್ತಿತ್ತು, ಕಾರ್ಬ್ಯುರೇಟರ್ ಎಷ್ಟು ತಿರುಗಿಸಿದರೂ ಯಾಕೆ ಸರಿಹೋಗಲಿಲ್ಲ ಅಂತ ಆಗ ಗೊತ್ತಾಯಿತು. ಎರಡು ತಿಂಗಳು ಸುಮ್ನೆ ಕಾರ್ಬ್ಯುರೇಟರನ್ನು ಬೈದುಕೊಂಡಿದ್ದೆ.

ಪಂಪು, ಬ್ರಾಕೆಟ್, ಹೋಸು ಎಲ್ಲ ಒಂದು ಗಂಟೆಯಲ್ಲಿ ಕೈಗೆ ಬಂದವು. ಸ್ಪಾರ್ಕ್ ಪ್ಲಗ್‌ಗಳ ಮೇಲೆ ಹಾದುಹೋಗುವ ಪೈಪು ಮಾತ್ರ ಬರಲಿಲ್ಲ. ಅದರ ನಾಲ್ಕು ನಟ್ಟುಗಳು ಸಿಲಿಂಡರ್ ಹೆಡ್ಡಿಗೆ 50 ವರ್ಷ ಅಂಟಿಕೊಂಡಿದ್ದವು. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬಿಸಿ ಮಾಡಿ, ತಣ್ಣಗಾಗಲು ಬಿಟ್ಟು, ಮತ್ತೆ ಎಣ್ಣೆ. ಒಂದು ವಾರ ದಿನಾ ಆಫೀಸಿಂದ ಬಂದ ಮೇಲೆ ಇದೇ ಪೂಜೆ. ಮೂರು ಬಂದವು. ಮೂರನೇ ಸಿಲಿಂಡರಿನದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪೈಪನ್ನೇ ಕೊಯ್ದು, ಉಳಿದ ನಟ್ಟಿಗೆ ಆರು ಮೂಲೆಯ ಸಾಕೆಟ್ ಪೂರ್ತಿ ಕೂರಿಸಿ ತಿರುಗಿಸಿದೆ. ಟಕ್ ಅಂತ ಸದ್ದಾಯಿತು. ಮುರಿದೇ ಹೋಯಿತು ಅಂತ ಎದೆ ಝಲ್ಲೆಂದಿತು. ಮುರಿದಿರಲಿಲ್ಲ, ಬಿಟ್ಟುಕೊಂಡಿತ್ತು.

ಪೈಪು ಹೋದ ಮೇಲೆ ಹೆಡ್ಡಿನಲ್ಲಿ ಉಳಿದ ನಾಲ್ಕು ತೂತು ಮುಚ್ಚಲು 7/16 ಇಂಚಿನ ಯುಎನ್‌ಎಫ್ (ಸಣ್ಣ ತ್ರೆಡ್ಡಿನ) ಬೋಲ್ಟು ಸರಿಹೋಗುತ್ತದೆ. ಹಾಕುವ ಮೊದಲು ಟ್ಯಾಪ್ ಅನ್ನುವ ತ್ರೆಡ್ ಕೊರೆಯುವ ಉಪಕರಣದಿಂದ ತ್ರೆಡ್ ಸ್ವಚ್ಛ ಮಾಡಿದೆ. ಇಲ್ಲಿ ಆತುರ ಬೇಡ. ಆಯಾ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚಿರುವ ಹಾಗೆ ಎಂಜಿನ್ನನ್ನು ಕೈಯಿಂದ ತಿರುಗಿಸಿಕೊಂಡೆ. ಟ್ಯಾಪಿನ ಗೀರುಗಳಿಗೆ ಗ್ರೀಸ್ ತುಂಬಿದರೆ ಕಬ್ಬಿಣದ ಚೂರು ಒಳಗೆ ಬೀಳದೆ ಅದಕ್ಕೇ ಅಂಟುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಒರೆಸಿ ಮತ್ತೆ ಗ್ರೀಸ್. ಬೋಲ್ಟು ಉದ್ದವಾಗಿ ಪೋರ್ಟಿನೊಳಕ್ಕೆ, ಅಂದರೆ ಹೊಗೆ ಹೋಗುವ ದಾರಿಗೆ, ಚಾಚಬಾರದು. ಆಳ ಅಳೆದು ನಾಲ್ಕನ್ನೂ ಗರಗಸದಲ್ಲಿ ಕೊಯ್ದು, ತುದಿ ಅರದಿಂದ ಉಜ್ಜಿ, ಕಾಪರ್ ಗ್ರೀಸ್ ಸವರಿ ಹಾಕಿದೆ.

ಮ್ಯಾನಿಫೋಲ್ಡಿನಲ್ಲಿ ಗಲ್ಪ್ ವಾಲ್ವಿನ ದಪ್ಪ ಕೊಳವೆಯ ಜಾಗವನ್ನೂ, ಅದರ ಸಣ್ಣ ವ್ಯಾಕ್ಯೂಮ್ ಕೊಳವೆಯ ಜಾಗವನ್ನೂ ಮುಚ್ಚಬೇಕು. ಸಣ್ಣದನ್ನು ಮರೆತರೆ ಅಷ್ಟೂ ಕೆಲಸ ನೀರಿಗೆ ಹಾಕಿದ ಹಾಗೆ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಕೈ ಬಿಸಿಯಾಗಿದೆ ಅಂತ ಇದ್ದಬದ್ದ ಪೈಪೆಲ್ಲ ಕಿತ್ತುಹಾಕಬೇಡಿ. ಇದ್ದಿಲಿನ ಡಬ್ಬಿ ಇದೆಯಲ್ಲ, ಅದು ಏರ್ ಪಂಪಿಗೆ ಸೇರಿದ್ದಲ್ಲ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಅದು ಹಿಡಿದಿಡುತ್ತದೆ. ಎಂಜಿನ್ನಿನ ಒಡಲಿನ ಹಬೆ ಹೊರಹಾಕುವ ಗಾಳಿಯೂ ಅದರ ಮೂಲಕವೇ ವಾಲ್ವ್ ಕವರಿಗೆ ಬರುತ್ತದೆ. ಆ ಹೋಸು ಕಿತ್ತು ಬಾಯಿ ತೆರೆದು ಬಿಟ್ಟರೆ ಧೂಳು ನೇರ ಎಂಜಿನ್ನಿಗೆ. ನಾನು ಅದನ್ನು ಮುಟ್ಟಿಲ್ಲ, ಹೋಸು ಮಾತ್ರ ಹೊಸದು ಹಾಕಿದೆ.

ಕಾನೂನಿನ ವಿಷಯ. ಇಲ್ಲಿ 1975ರ ಆಗಸ್ಟ್‌ಗಿಂತ ಮೊದಲು ರಸ್ತೆಗಿಳಿದ ಪೆಟ್ರೋಲ್ ಕಾರಿಗೆ ಎಂಒಟಿಯಲ್ಲಿ (ವಾಹನದ ವಾರ್ಷಿಕ ತಪಾಸಣೆಯಲ್ಲಿ) ಕಣ್ಣಿಗೆ ಕಾಣುವ ಹೊಗೆಯನ್ನಷ್ಟೇ ನೋಡುತ್ತಾರೆ. ಅಮೆರಿಕದಲ್ಲಿರುವ ನಮ್ಮವರು ಇದನ್ನು ಓದಿ ಸ್ಪ್ಯಾನರ್ ಎತ್ತಿಕೊಳ್ಳಬೇಡಿ. ಅಲ್ಲಿ ಇಂಥ ಭಾಗ ತೆಗೆಯುವುದೇ ತಪ್ಪು. ಅಲ್ಲಿದ್ದರೆ ನಾನೂ ಪಂಪನ್ನು ರಿಪೇರಿ ಮಾಡಿಸುತ್ತಿದ್ದೆ. ತೆಗೆದದ್ದನ್ನೆಲ್ಲ ಚೀಟಿ ಅಂಟಿಸಿ ಡಬ್ಬದಲ್ಲಿ ಇಟ್ಟಿದ್ದೇನೆ, ಕಾರಿನ ಜೊತೆಗೇ ಇರಲಿ ಅಂತ.

ಇವತ್ತು ಬೆಳಿಗ್ಗೆ ಕಾರ್ಬ್ಯುರೇಟರ್ ಹೊಸದಾಗಿ ಟ್ಯೂನ್ ಮಾಡಿದೆ. ಅದರೊಳಗಿನ ಪಿಸ್ಟನ್ನನ್ನು ಒಂದು ಕೂದಲೆಳೆ ಎತ್ತಿದರೆ ಎಂಜಿನ್ ಸದ್ದು ಒಂಚೂರು ಏರಿ ಮತ್ತೆ ಮೊದಲಿನಂತಾಗಬೇಕು. ಏರಿಯೇ ಇದ್ದರೆ ಪೆಟ್ರೋಲ್ ಜಾಸ್ತಿ, ಎಂಜಿನ್ ಆಫ್ ಆದರೆ ಕಡಿಮೆ. ಮುಂಭಾಗದ ಕಾರ್ಬ್ಯುರೇಟರ್ ಬೇಗ ಸರಿಹೋಯಿತು. ಆಮೇಲೆ ಆಬಿಂಗ್ಡನ್‌ವರೆಗೆ ಹೋಗಿ ಬಂದೆ. ಐಡ್ಲಿಂಗ್ ಅಲುಗಲಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದಾಗ ಒಂದೆರಡು ಸಲ ಪಟ್ ಅಂದಿತು, ಅಷ್ಟೇ.

ಮನೆಗೆ ಬಂದು ಪ್ಲಗ್ ಬಿಚ್ಚಿದೆ. ಅಡ್ಡ ಬರುವ ಪೈಪಿಲ್ಲ, ಕೈ ನೇರ ಹೋಗುತ್ತದೆ. ಒಂದು, ಎರಡು ಬಿಸ್ಕತ್ ಬಣ್ಣ, ಅಂದರೆ ಸರಿಯಾಗಿವೆ. ಮೂರು, ನಾಲ್ಕು ಇನ್ನೂ ಸ್ವಲ್ಪ ಬೆಳ್ಳಗಿವೆ, ಅಂದರೆ ಅಲ್ಲಿ ಪೆಟ್ರೋಲ್ ಕಡಿಮೆ. ಅವೆರಡಕ್ಕೆ ಪೆಟ್ರೋಲು ಕೊಡುವ ಹಿಂಭಾಗದ ಕಾರ್ಬ್ಯುರೇಟರ್ ಎಲ್ಲೋ ಗಾಳಿ ಎಳೆಯುತ್ತಿದೆ. ಅದರ ಥ್ರಾಟಲ್ ಸ್ಪಿಂಡಲ್ (ಗಾಳಿಯ ಬಾಗಿಲು ತಿರುಗಿಸುವ ಸಣ್ಣ ಸರಳು) ಸವೆದಿದೆ ಅನ್ನಿಸುತ್ತದೆ. ಮುಂದಿನ ಶನಿವಾರ ಅದನ್ನು ಬಿಚ್ಚುತ್ತೇನೆ.