ಬೇವಿನ ಬೀಜ, ತಣ್ಣೀರು

ಮಂಡ್ಯದ ನಮ್ಮೂರಲ್ಲಿ ಬೇವಿನ ಹಣ್ಣು ರಸ್ತೆ ತುಂಬಾ ಉದುರಿ ಬಿದ್ದಿದೆ. ಎಲ್ಲರೂ ತುಳ್ಕೊಂಡು ಹೋಗ್ತಾರೆ, ಆಯ್ಕೊಳ್ಳೋರಿಲ್ಲ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ಗಿಡದ ಹುಳಕ್ಕೆ ಮದ್ದು ಮಾಡೋಕೆ ಲೀಟರ್ ನೀರಿಗೆ 50 ಗ್ರಾಂ ಒಣ ಬೀಜದ ತಿರುಳು ಸಾಕು. ತರಿತರಿಯಾಗಿ ಕುಟ್ಟಿ, ಬಟ್ಟೇಲಿ ಗಂಟು ಕಟ್ಟಿ, ರಾತ್ರಿಯೆಲ್ಲ ನೆನೆಹಾಕಿ ಹಿಂಡಿದ್ರೆ ಹಾಲಿನಂಥ ಬಿಳಿ ರಸ ಬಿಡುತ್ತೆ. ಚೂರು ಸೋಪಿನ ನೀರು ಸೇರಿಸಿ ಬದನೆ ಗಿಡಕ್ಕೆ ಹೊಡೀಬಹುದು. ಅದರಲ್ಲಿರೋ ಅಜಾಡಿರಾಕ್ಟಿನ್ ಅನ್ನೋ ಅಂಶ ಹುಳುವನ್ನ ನಿಂತಲ್ಲೇ ಕೊಲ್ಲಲ್ಲ. ಎಲೆ ಮೇಯೋಕೆ ಬಿಡಲ್ಲ, ಪೊರೆ ಕಳಚೋಕೂ ಬಿಡಲ್ಲ. ಬಿಸಿಲಿಗೆ ಬೇಗ ಸತ್ವ ಹೋಗುತ್ತೆ, ಹಾಗಾಗಿ ಸಂಜೆ ಹೊತ್ತೇ ಹೊಡೀಬೇಕು.

ಇವತ್ತು ಗಂಟು ಹಿಂಡ್ತಾ ಚೀನಾದ ವಿಜ್ಞಾನಿ ತೂ ಯೂಯೂ ನೆನಪಾದ್ರು. ಮಲೇರಿಯಾಕ್ಕೆ ಮದ್ದು ಹುಡುಕ್ತಿದ್ದಾಗ ಅವರಿಗೆ ದಾರಿ ತೋರಿಸಿದ್ದು ಗೆ ಹಾಂಗ್ ಅನ್ನೋ ನಾಲ್ಕನೇ ಶತಮಾನದ ವೈದ್ಯ ಬರೆದಿಟ್ಟ ಮಾತು: ಚಿಂಗ್‌ಹಾವ್ ಅನ್ನೋ ಗಿಡದ ಸೊಪ್ಪನ್ನ ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡೀಬೇಕು. ಕುದಿಸೋ ಮಾತೇ ಇರಲಿಲ್ಲ. ಕಾವಿಗೆ ಸತ್ವ ಹೋಗುತ್ತೆ ಅಂತ ತೂ ಅವರಿಗೆ ಹೊಳೀತು. ಕಾವು ಕಮ್ಮಿ ಮಾಡಿ ಈಥರ್ ಅನ್ನೋ ದ್ರಾವಕದಲ್ಲಿ ಸಾರ ತೆಗೆದ್ರು, ಮದ್ದು ಕೈಗೆ ಸಿಕ್ತು. ಅದೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್ ಬಂತು. ಅದಕ್ಕೂ ಮುಂಚೆ, 1820ರಲ್ಲೇ, ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನ್ ಅನ್ನೋ ಮಲೇರಿಯಾ ಮದ್ದು ಬೇರ್ಪಡಿಸಿದ್ರು. ಮಲೇರಿಯಾ ತರೋ, ಕಣ್ಣಿಗೆ ಕಾಣದ ಏಕಕೋಶದ ಪರಾವಲಂಬಿ ಎದುರು ಎರಡು ಗಿಡ ಇಷ್ಟು ಜೀವ ಉಳಿಸಿವೆ ಅಂದ್ರೆ ಮೈ ಜುಮ್ಮೆನ್ನುತ್ತೆ.

ಆದ್ರೆ ಚಳಿಜ್ವರ ಬಂದ್ರೆ ಮನೇಲಿ ಸೊಪ್ಪು ಅರೆದು ಕುಡಿದು ಮಲಗಬೇಡಿ. ಆರ್ಟೆಮಿಸಿನಿನ್ ಮಾತ್ರೆಯನ್ನೂ ಈಗ ಒಂಟಿಯಾಗಿ ಕೊಡಲ್ಲ, ಇನ್ನೊಂದು ಔಷಧದ ಜೊತೆಗೇ ಕೊಡ್ತಾರೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ.