ದೋಟಿ ಮತ್ತು ಕೊಟ್ಟಿಗೆ: ಕಡೆಗೂ ಅಳತೆ ಕೂಡಿಬಂತು

ನೀರ್ಚಾಲಿನ ನಮ್ಮ ಮನೆಯ ಚಾವಡಿಯಲ್ಲಿ ಮೂರು ವಾರಗಳಿಂದ ಗೋಡೆಗೆ ಒರಗಿಕೊಂಡಿದ್ದ ಪ್ಲೈವುಡ್ ಹಲಗೆ ನಿನ್ನೆ ರಾತ್ರಿ ಸರಿಯಾದ ಉತ್ತರ ಕೊಟ್ಟಿತು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಒಗಟುಗಳನ್ನು ಇಂಥ ಹಲಗೆಯ ಮೇಲೆ ನಕ್ಷೆ ಬರೆದು ಬಿಡಿಸುವುದು ನನ್ನ ಹವ್ಯಾಸ. ಅಡ್ಡಕ್ಕೆ ದೂರವನ್ನೂ ಮೇಲಕ್ಕೆ ಕಾಲವನ್ನೂ ಹಿಡಿದು, ಬೆಳಕಿನ ಗೆರೆ 45 ಡಿಗ್ರಿಗೆ ಬರುವಂತೆ ಬರೆಯುವ ಮಿಂಕೋವ್‌ಸ್ಕಿ ನಕ್ಷೆಯ ಕ್ರಮ ಈ ಹವ್ಯಾಸದವರಿಗೆಲ್ಲ ತಿಳಿದಿರುವುದರಿಂದ ಅದನ್ನು ಬಿಟ್ಟು, ನನ್ನನ್ನು ಕಾಡಿದ ಒಂದೇ ತೊಡಕನ್ನು ಬರೆಯುತ್ತೇನೆ.

ಅಡಿಕೆ ಕೊಯ್ಯುವ 10 ಮೀಟರಿನ ದೋಟಿಯೊಂದು ಬೆಳಕಿನ ವೇಗದ 0.866 ಪಾಲು ವೇಗದಲ್ಲಿ ಪಡುವಣದಿಂದ ಬಂದು, ಎರಡೂ ಕಡೆ ಬಾಗಿಲಿರುವ 5 ಮೀಟರಿನ ಕೊಟ್ಟಿಗೆಯನ್ನು ಹೊಗುತ್ತದೆ. ಸಾಗುವ ವಸ್ತು ಸಾಗುವ ದಿಕ್ಕಿನಲ್ಲಿ ಕುಗ್ಗುತ್ತದೆಂಬ ಸಾಪೇಕ್ಷತೆಯ ನಿಯಮದಂತೆ ಕೊಟ್ಟಿಗೆಯವರ ಅಳತೆಯಲ್ಲಿ ದೋಟಿ 5 ಮೀಟರಿಗೆ ಕುಗ್ಗಿರುವುದರಿಂದ ಅವರು ಎರಡೂ ಬಾಗಿಲುಗಳನ್ನು ಒಂದೇ ಕ್ಷಣ ಮುಚ್ಚಿ ತೆರೆಯಬಲ್ಲರು. ದೋಟಿಯೊಡನೆ ಸಾಗುವವರಿಗಾದರೋ ಕೊಟ್ಟಿಗೆಯೇ 2.5 ಮೀಟರ್. ಸೀಳು ಬಿಟ್ಟ ಕಪ್ಪು ಅಕ್ರಿಲಿಕ್ ಹಾಳೆಯನ್ನು ನಕ್ಷೆಯ ಮೇಲೆ ಏರಿಸುತ್ತ ಹೋದರೆ ಸೀಳಿನಲ್ಲಿ ಕಾಣುವುದೇ ಒಬ್ಬರ ‘ಈಗ’. ಅಡ್ಡ ಸೀಳು ಕೊಟ್ಟಿಗೆಯವರದು, 40.9 ಡಿಗ್ರಿ ಓರೆಯ ಸೀಳು ದೋಟಿಯವರದು.

ಮಂಗಳೂರಿನ ಅಂಗಡಿಯೊಂದಕ್ಕೆ ಈ ಕೋನವನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದರೂ ಅವರು 45ಕ್ಕೆ ಕತ್ತರಿಸಿ ಕಳುಹಿಸಿದರು. 45 ಎಂದರೆ ಬೆಳಕಿನದೇ ಗೆರೆ. ಯಾವ ದೋಟಿಗೂ ಆ ಓರೆ ಎಟುಕದು. ಎರಡನೆಯ ಹಾಳೆಗೆ ಮತ್ತೆ ಹಣ ಕೊಟ್ಟು ಹತ್ತು ದಿನ ಕಾಯಬೇಕಾಯಿತು.

ಕೋನ ಸರಿಯಾದ ಮೇಲೂ ಉತ್ತರ ತಪ್ಪಿತು. ಒಂದು ಸೆಂಟಿಮೀಟರಿಗೆ ಒಂದು ಮೀಟರ್ ಎಂದು ಹಿಡಿದು ಓರೆ ಸೀಳಿನ ಮೇಲೆ ಸ್ಕೇಲ್ ಇಟ್ಟಾಗ ಕೊಟ್ಟಿಗೆ 2.5ರ ಬದಲು 6.6 ತೋರಿಸಿತು, ಕುಗ್ಗಬೇಕಾದದ್ದು ಹಿಗ್ಗಿತ್ತು. ನಕ್ಷೆಯನ್ನು ಎರಡು ಬಾರಿ ಅಳಿಸಿ ಬರೆದರೂ ಅಂಕಿ ಕದಲಲಿಲ್ಲ. ನಿನ್ನೆ ಬೇಸರದಲ್ಲಿ ದೋಟಿಯನ್ನೂ ಅದೇ ಸೀಳಿನಲ್ಲಿ ಅಳೆದೆ: 26.5. ಅದು 6.6ರ ನಾಲ್ಕು ಪಟ್ಟು, 10 ಎಂಬುದು 2.5ರ ನಾಲ್ಕು ಪಟ್ಟು! ನಕ್ಷೆಯಲ್ಲಿ ತಪ್ಪಿರಲಿಲ್ಲ, ನನ್ನ ಸ್ಕೇಲ್ ಆ ಗೆರೆಗೆ ಸಲ್ಲುವುದಾಗಿರಲಿಲ್ಲ. ಈ ವೇಗದಲ್ಲಿ ಓರೆ ಅಕ್ಷದ ಒಂದು ಮೀಟರ್ ಕಾಗದದ ಮೇಲೆ 7ರ ವರ್ಗಮೂಲದಷ್ಟು, ಎಂದರೆ ಸುಮಾರು 2.65 ಸೆಂಟಿಮೀಟರ್ ಹಿಗ್ಗುತ್ತದೆ. ಸೀಳಿನ ಅಂಚಿನಲ್ಲಿ ಆ ಅಂತರಕ್ಕೆ ದಬ್ಬಣದಿಂದ ಗೀರಿ, ಗೀರುಗಳಿಗೆ ವೀಳ್ಯದ ಸುಣ್ಣವನ್ನು ಬೆರಳಿನಿಂದ ತುಂಬಿ ಒರೆಸಿದೆ. ಬಿಳಿಯ ಗುರುತುಗಳ ನಡುವೆ ಕೊಟ್ಟಿಗೆ ಎರಡೂವರೆ ಮನೆಗಳಲ್ಲಿ ಕುಳಿತಿತು.

ಹಾಳೆಯನ್ನು ಏರಿಸಿದಾಗ ಮೊದಲು ಮೂಡುಬಾಗಿಲು ಮುಚ್ಚುವ ಕೆಂಪು ಚುಕ್ಕಿ ಕಂಡಿತು. ಪಡುಬಾಗಿಲಿನ ಚುಕ್ಕಿ ಕಾಣಲು ಇನ್ನೂ 4.33 ಸೆಂಟಿಮೀಟರ್ ಏರಿಸಬೇಕಾಯಿತು. ದೋಟಿಯವರ ಗಡಿಯಾರದಲ್ಲಿ ಅದು ಸುಮಾರು 28.9 ನ್ಯಾನೋಸೆಕೆಂಡ್. ಅಷ್ಟರಲ್ಲಿ ದೋಟಿಯ ತುದಿ ಮೂಡುಬಾಗಿಲನ್ನು ದಾಟಿ 7.5 ಮೀಟರ್ ಆಚೆಗಿರುತ್ತದೆ. ಎರಡು ಬಾಗಿಲುಗಳ ನಡುವೆ ಇಡೀ ದೋಟಿ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲವೆಂದು ಅವರು ಹೇಳುವುದೂ ನಿಜ.

ಮುಂದಿನ ಹಲಗೆಗೆ ಎರಡು ರಾಕೆಟ್‌ಗಳ ನಡುವೆ ಕಟ್ಟಿದ ದಾರ ಹರಿಯುವ ಸಮಸ್ಯೆಯನ್ನು ಆರಿಸಿದ್ದೇನೆ; 1959ರಲ್ಲಿ ಭೌತವಿಜ್ಞಾನಿಗಳಾದ ಡೀವನ್ ಮತ್ತು ಬೆರಾನ್ ಎತ್ತಿದ ಪ್ರಶ್ನೆಯದು. ಅಲ್ಲಿ ರಾಕೆಟ್‌ಗಳ ವೇಗ ಏರುತ್ತ ಹೋಗಿ ಗೆರೆಗಳು ಬಾಗುವುದರಿಂದ ನೇರ ಸೀಳು ಸಾಲದು.

ಅದಕ್ಕೂ ಮೊದಲು ಅಣ್ಣನ ಮಗಳ ಪ್ರಶ್ನೆ ಇದೆ. “ಅಪ್ಪಚ್ಚಿ, ಮೂಡುಬಾಗಿಲನ್ನು ತೆರೆಯದೆ ಇದ್ದರೆ?” ತುದಿ ತಡೆದ ಸುದ್ದಿ ಬುಡಕ್ಕೆ ಬೆಳಕಿಗಿಂತ ಬೇಗ ತಲುಪದು, ಕೊಟ್ಟಿಗೆಯವರ ಅಳತೆಯಲ್ಲಿ ಅಷ್ಟರೊಳಗೆ ಬುಡ ಕಡಿಮೆಯೆಂದರೂ 2.3 ಮೀಟರ್ ಒಳಗೆ ಬಂದಿರುತ್ತದೆ, ದೋಟಿ ನಿಜವಾಗಿಯೇ ಜಜ್ಜಿಹೋಗುತ್ತದೆ. ಆ ಸುದ್ದಿಯ ಗೆರೆ ಎಳೆಯಲು ಮೊದಲು ಬಂದ 45 ಡಿಗ್ರಿಯ ಹಾಳೆಯನ್ನು ಮಗುಚಿ ಹಲಗೆಗೆ ಸಿಕ್ಕಿಸಿದ್ದೇನೆ.