ಎನ್‌ಎಂಪಿಯ ಪ್ರಜನನ ವಿಷತ್ವ: ವರದಿಯಲ್ಲಿ ಎಲ್ಲಿ ನೋಡಬೇಕು

ಲಿಥಿಯಂ ಅಯಾನ್ ಬ್ಯಾಟರಿಯ ಕ್ಯಾಥೋಡ್ ತಯಾರಿಕೆಯಲ್ಲಿ ಪಿವಿಡಿಎಫ್ ಅಂಟನ್ನು ಕರಗಿಸಲು ಎನ್-ಮೀಥೈಲ್ ಪೈರೋಲಿಡೋನ್ ಬೇಕು; ಎಲ್ಲರೂ ಎನ್‌ಎಂಪಿ ಎನ್ನುತ್ತಾರೆ. ಔಷಧ ತಯಾರಿಕೆ, ಬಣ್ಣ ಕೀಳುವ ದ್ರವ, ತಂತಿಯ ಎನಾಮಲ್ ಲೇಪನದಲ್ಲೂ ಇದರ ಬಳಕೆಯಿದೆ. ಕುದಿಯುವುದು 202 ಡಿಗ್ರಿ ಸೆಲ್ಸಿಯಸ್‌ನಲ್ಲಿ, ವಾಸನೆಯೂ ಸೌಮ್ಯ; ಹಾಗಾಗಿ ಇದರ ಬಗ್ಗೆ ಯಾರಿಗೂ ಭಯವಿಲ್ಲ. ಆದರೆ ಐರೋಪ್ಯ ಒಕ್ಕೂಟ ಇದನ್ನು ಪ್ರಜನನ ವಿಷತ್ವದ, ಅಂದರೆ ಫಲವತ್ತತೆಗೋ ಹುಟ್ಟಲಿರುವ ಮಗುವಿಗೋ ಆಗುವ ಹಾನಿಯ, 1ಬಿ ವರ್ಗದಲ್ಲಿಟ್ಟಿದೆ: ಹುಟ್ಟಲಿರುವ ಮಗುವಿಗೆ ಹಾನಿಯಾಗಬಹುದು ಎಂಬ ಎಚ್360ಡಿ ಎಚ್ಚರಿಕೆ ಡಬ್ಬಿಯ ಮೇಲಿರಲೇಬೇಕು.

ಈ ತೀರ್ಮಾನಕ್ಕೆ ಬರಲು ಮುಖ್ಯ ದಾರಿ ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 414ನೇ ಮಾರ್ಗಸೂಚಿಯ ಪರೀಕ್ಷೆ. ರಾಸಾಯನಿಕ ಕೊಡದ ಒಂದು ಕಂಟ್ರೋಲ್ ಗುಂಪು, ಕನಿಷ್ಠ ಮೂರು ಡೋಸ್ ಗುಂಪು. ಪ್ರತಿ ಗುಂಪಿನಲ್ಲಿ ಸುಮಾರು 20 ಗರ್ಭಿಣಿ ಇಲಿಗಳು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ದಿನದಿಂದ, ಹೆರಿಗೆಗೆ ಮುಂಚೆ ಹೊಟ್ಟೆ ತೆರೆಯುವ ಹಿಂದಿನ ದಿನದವರೆಗೆ ಡೋಸ್ ಕೊಡಬೇಕು. ನಂತರ ಅಂಡಾಶಯದ ಪೀತಕಾಯಗಳನ್ನೂ (ಬಿಡುಗಡೆಯಾದ ಪ್ರತಿ ಅಂಡದ ಗುರುತು) ಗರ್ಭಕೋಶದಲ್ಲಿ ನೆಲೆಸಿದ ಭ್ರೂಣಗಳನ್ನೂ ಎಣಿಸುತ್ತಾರೆ. ಪೀತಕಾಯ 15, ನೆಲೆಸಿದ್ದು 12 ಎಂದಾದರೆ ನೆಲೆಸುವ ಮೊದಲಿನ ನಷ್ಟ ಶೇ 20. ಗರ್ಭವೇ ಇಲ್ಲವೆಂದು ಕಾಣುವ ಗರ್ಭಕೋಶವನ್ನು ಅಮೋನಿಯಂ ಸಲ್ಫೈಡ್‌ನಲ್ಲಿ ಅದ್ದದೆ ಬಿಟ್ಟರೆ, ತೀರಾ ಮೊದಲೇ ಕರಗಿಹೋದ ಭ್ರೂಣಗಳ ಗುರುತು ತಪ್ಪಿಹೋಗುತ್ತದೆ. ಆಗ ಭ್ರೂಣನಾಶ ‘ಗರ್ಭ ನಿಲ್ಲಲಿಲ್ಲ’ ಎಂಬ ಖಾನೆಗೆ ಹೋಗಿ ಕೂರುತ್ತದೆ. ಮರಿಗಳಲ್ಲಿ ಸುಮಾರು ಅರ್ಧದಷ್ಟನ್ನು ಒಳಾಂಗ ಪರೀಕ್ಷೆಗೆ, ಉಳಿದವನ್ನು ಅಸ್ಥಿ ಪರೀಕ್ಷೆಗೆ ಇಡುತ್ತಾರೆ. ಮೂಳೆಗೆ ಅಲಿಜರಿನ್ ಕೆಂಪು ಬಣ್ಣ, ಮೃದ್ವಸ್ಥಿಗೆ ಆಲ್ಸಿಯನ್ ನೀಲಿ.

ಅಂಕಿಅಂಶದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಒಂದಿದೆ. 20 ತಾಯಂದಿರಿಂದ 240 ಭ್ರೂಣ ಸಿಕ್ಕಿತೆಂದು ಮಾದರಿಯ ಗಾತ್ರವನ್ನು 240 ಎಂದು ಹಿಡಿಯುವಂತಿಲ್ಲ. ಒಂದೇ ಬಸಿರಿನ ಮರಿಗಳು ಒಂದೇ ತಾಯಿಯ ರಕ್ತ ಹಂಚಿಕೊಂಡಿರುತ್ತವೆ, ಆದ್ದರಿಂದ ಲೆಕ್ಕದ ಘಟಕ ಬಸಿರು. ಮಾದರಿ 20 ಅಷ್ಟೇ. 240 ಹಿಡಿದರೆ ಇಲ್ಲದ ಪರಿಣಾಮವೂ ಇದ್ದಂತೆ ತೋರುತ್ತದೆ.

ಇದಕ್ಕಿಂತ ದೊಡ್ಡ ಜಗಳ ತಾಯಿಯ ವಿಷತ್ವದ ಕುರಿತು. ‘ತಾಯಿಯೇ ಸೊರಗಿತ್ತು, ಹಾಗಾಗಿ ಮರಿಯೂ ಸೊರಗಿತು’ ಎಂದು ಪರಿಣಾಮವನ್ನೇ ತಳ್ಳಿಹಾಕುವ ವಾದ ವರದಿಗಳಲ್ಲಿ ಬಲು ಸಾಮಾನ್ಯ. ನಾನು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಐರೋಪ್ಯ ವರ್ಗೀಕರಣ ನಿಯಮವೂ ಒಪ್ಪುವುದಿಲ್ಲ. ತಾಯಂದಿರ ಸಾವು ಶೇ 10 ದಾಟಿದರೆ ಆ ಡೋಸನ್ನು ಸಾಮಾನ್ಯವಾಗಿ ಬದಿಗಿಡಬಹುದು, ಅದಕ್ಕಿಂತ ಕಡಿಮೆಯಿದ್ದರೆ ಭ್ರೂಣದ ಪರಿಣಾಮವನ್ನು ತೂಗಿ ನೋಡಲೇಬೇಕು. ತೂಗುವ ಮೊದಲು ತಾಯಿಯ ತೂಕವನ್ನೂ ಸರಿಪಡಿಸಿಕೊಳ್ಳಬೇಕು: ಕೊನೆಯ ತೂಕದಿಂದ ತುಂಬಿದ ಗರ್ಭಕೋಶದ ತೂಕ ಕಳೆದು, ಮೊದಲಿನ ತೂಕಕ್ಕೆ ಹೋಲಿಸಬೇಕು. ಮರಿಗಳು ಸತ್ತದ್ದರಿಂದ ಇಳಿದ ತೂಕವನ್ನು ತಾಯಿಯ ಕಾಯಿಲೆಯೆಂದು ಓದುವ ಅಪಾಯ ಇದರಿಂದ ತಪ್ಪುತ್ತದೆ. ಎನ್‌ಎಂಪಿಯ ವಿಷಯದಲ್ಲಿ ಉತ್ತರ ಸ್ಪಷ್ಟ. 2002ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನದಲ್ಲಿ ಇಲಿಗಳಿಗೆ ಬಾಯಿಯ ಮೂಲಕ ದಿನಕ್ಕೆ ಕೆಜಿಗೆ 125, 250, 500, 750 ಮಿಗ್ರಾಂ ಕೊಟ್ಟರು. ತಾಯಿಗೆ 250ರವರೆಗೂ ತೊಂದರೆ ಕಾಣಲಿಲ್ಲ. ಭ್ರೂಣದ ತೂಕ 250ರಲ್ಲೇ ಇಳಿದಿತ್ತು. 500ರಲ್ಲಿ ಭ್ರೂಣಗಳು ಕರಗುವುದು ಹೆಚ್ಚಿತು. ತಾಯಿ ಚೆನ್ನಾಗಿದ್ದಾಗಲೇ ಮರಿಗೆ ಪೆಟ್ಟು ಬಿದ್ದ ಮೇಲೆ ಆ ನೆಪಕ್ಕೆ ಜಾಗವೆಲ್ಲಿ?

ಗಂಡು ಇಲಿಗಳ ಫಲವತ್ತತೆಯ ಸಾಲನ್ನು ಇನ್ನೂ ಅನುಮಾನದಿಂದ ಓದಬೇಕು. ಓಇಸಿಡಿಯದೇ 421ನೇ ಮಾರ್ಗಸೂಚಿಯ ಪ್ರಾಥಮಿಕ ಪರೀಕ್ಷೆಯಲ್ಲಿ ಕೂಡಿಸುವ ಮುಂಚೆ ಡೋಸ್ ಎರಡೇ ವಾರ. ಇಲಿಯಲ್ಲಿ ವೀರ್ಯಾಣು ಮೊದಲ ಕೋಶದಿಂದ ಹೊರಟು ಪಕ್ವವಾಗಿ ಹೊರಬರಲು ಹತ್ತಿರ ಹತ್ತಿರ 10 ವಾರ ಬೇಕು. ಎರಡು ವಾರದಲ್ಲಿ ಮೂಲಕೋಶಕ್ಕೆ ಆದ ಹಾನಿ ಮರಿಗಳ ಸಂಖ್ಯೆಯಲ್ಲಿ ಕಾಣುವುದು ಸಾಧ್ಯವೇ ಇಲ್ಲ. ಮೇಲಾಗಿ ಇಲಿಯಲ್ಲಿ ವೀರ್ಯಾಣುಗಳು ಬೇಕಾದ್ದಕ್ಕಿಂತ ಬಹಳ ಹೆಚ್ಚಿರುತ್ತವೆ, ಬಹುಪಾಲು ನಾಶವಾದರೂ ಗರ್ಭ ನಿಲ್ಲುತ್ತದೆ. ಮನುಷ್ಯನಿಗೆ ಆ ಉಳಿಕೆ ಇಲ್ಲ. ಹಾಗಾಗಿ ನಂಬಬೇಕಾದ್ದು ವೃಷಣದ ಅಂಗಾಂಶ ಪರೀಕ್ಷೆಯನ್ನು. ಅದಕ್ಕೂ ಅಂಗಾಂಶವನ್ನು ಕೆಡದಂತೆ ಹಿಡಿದಿಡಲು ಬೂಆನ್ ಅಥವಾ ಮಾರ್ಪಡಿಸಿದ ಡೇವಿಡ್ಸನ್ ದ್ರಾವಣ ಬೇಕು. ಮಾಮೂಲಿ ಫಾರ್ಮಾಲಿನ್‌ನಲ್ಲಿ ನಾಳಗಳು ಕುಗ್ಗಿ ಬಿರುಕುಬಿಡುತ್ತವೆ, ಹಾನಿ ಯಾವುದು, ಸಂಸ್ಕರಣೆಯ ದೋಷ ಯಾವುದು ತಿಳಿಯುವುದಿಲ್ಲ.

ಉಸಿರಿನ ಪರೀಕ್ಷೆಯಲ್ಲಿ ಎನ್‌ಎಂಪಿಗೇ ವಿಶೇಷವಾದ ತೊಡಕಿದೆ. ಇದರ ಆವಿ ತೇವಾಂಶದೊಂದಿಗೆ ಸೇರಿ ಹನಿಯಾಗುತ್ತದೆ. ಇಡೀ ಮೈ ಒಡ್ಡುವ ಪೆಟ್ಟಿಗೆಯಲ್ಲಿ ಆ ಹನಿ ರೋಮದ ಮೇಲೆ ಕೂತು, ಇಲಿ ಮೈ ನೆಕ್ಕಿಕೊಂಡಾಗ ಹೊಟ್ಟೆ ಸೇರುತ್ತದೆ. ಗಾಳಿಯಲ್ಲಿ ಅಳೆದ ಸಂಖ್ಯೆ ನಿಜವಾದ ಡೋಸನ್ನು ಕಡಿಮೆ ತೋರಿಸುತ್ತದೆ. ತೇವಾಂಶ, ಉಷ್ಣತೆ ಬರೆಯದ ಉಸಿರಾಟದ ಅಧ್ಯಯನಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ.

ಕಾರ್ಮಿಕರ ಮಿತಿಯ ಲೆಕ್ಕ ಹೀಗೆ. 2003ರ ಉಸಿರಾಟದ ಅಧ್ಯಯನದಲ್ಲಿ ದಿನಕ್ಕೆ 6 ಗಂಟೆ ಒಡ್ಡಿದಾಗ ಭ್ರೂಣಕ್ಕೆ ಪರಿಣಾಮ ಕಾಣದ ಮಟ್ಟ 60 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 60 ಭಾಗ), ಅಂದರೆ ಘನ ಮೀಟರಿಗೆ ಸುಮಾರು 247 ಮಿಗ್ರಾಂ. 8 ಗಂಟೆಯ ಪಾಳಿಗೆ 6/8ರಿಂದ, ಕೆಲಸ ಮಾಡುವವರ ಹೆಚ್ಚಿದ ಉಸಿರಿಗೆ 6.7/10ರಿಂದ ಗುಣಿಸಿದರೆ 124. ಇಲಿ ಮತ್ತು ಮನುಷ್ಯರ ನಡುವಿನ ಉಳಿದ ವ್ಯತ್ಯಾಸಕ್ಕೆ 2.5, ಕಾರ್ಮಿಕರೊಳಗಿನ ವ್ಯತ್ಯಾಸಕ್ಕೆ 5, ಒಟ್ಟು 12.5ರಿಂದ ಭಾಗಿಸಿದರೆ ಸುಮಾರು 10 ಮಿಗ್ರಾಂ. 2020ರ ಮೇ 9ರಿಂದ ಒಕ್ಕೂಟದಲ್ಲಿ ಜಾರಿಯಾದ ನಿರ್ಬಂಧದಲ್ಲಿರುವ ಮಿತಿ ಘನ ಮೀಟರಿಗೆ 14.4 ಮಿಗ್ರಾಂ. ಗುಣಿಸಲು, ಭಾಗಿಸಲು ಆಯ್ದುಕೊಳ್ಳುವ ಸಂಖ್ಯೆಗಳು ಬದಲಾದರೆ ಇಷ್ಟು ಅಂತರ ಸಹಜ.

ಅದೇ ನಿರ್ಬಂಧದಲ್ಲಿ ಚರ್ಮಕ್ಕೂ ಬೇರೆ ಮಿತಿಯಿದೆ: ದಿನಕ್ಕೆ ಕೆಜಿಗೆ 4.8 ಮಿಗ್ರಾಂ. ಎನ್‌ಎಂಪಿ ದ್ರವರೂಪದಲ್ಲಿ ಮಾತ್ರವಲ್ಲ, ಆವಿಯಾಗಿಯೂ ಚರ್ಮದ ಮೂಲಕ ಒಳಹೋಗುತ್ತದೆ. ಗಾಳಿಯ ಮಾಪನ ಒಂದನ್ನೇ ನೆಚ್ಚಿದ ಕಾರ್ಖಾನೆ ಅರ್ಧ ಡೋಸನ್ನು ಕಾಣದೆಯೇ ಇರಬಹುದು. ತೆಳು ನೈಟ್ರೈಲ್ ಕೈಗವಸು ಸಾಲದು, ಬ್ಯೂಟೈಲ್ ರಬ್ಬರ್ ಬೇಕು. ಒಟ್ಟು ಡೋಸ್ ತಿಳಿಯಲು ಪಾಳಿ ಮುಗಿದಾಗ ಮೂತ್ರದಲ್ಲಿ, ದೇಹದೊಳಗೆ ಇದು ಮಾರ್ಪಟ್ಟು ಆಗುವ 5-ಹೈಡ್ರಾಕ್ಸಿ-ಎನ್‌ಎಂಪಿ ಅಳೆಯಬೇಕು. ಉಸಿರು, ಚರ್ಮ ಯಾವ ದಾರಿಯಲ್ಲಿ ಒಳಹೋಗಿದ್ದರೂ ಅದು ಅಲ್ಲಿ ಸಿಗುತ್ತದೆ.